ಗಾಳಿ ಒಣಗಿರುವಾಗಲೇ ಮಾಡಿಕೊಳ್ಳುವ ಕೆಲಸಗಳು

ಶಿವರಾತ್ರಿ ಕಳೆದು ಚಳಿ ಕಾಲು ಕಿತ್ತು, ಮಾವು ಮಿಡಿ ಕಚ್ಚಿ, ಹೊಂಗೆ ಚಿಗುರುವ ಹೊತ್ತಿಗೆ ನಮ್ಮ ಒಳನಾಡಿನ ಮನೆಗಳಲ್ಲಿ ಒಂದಿಷ್ಟು ಕೆಲಸಗಳು ಒಟ್ಟೊಟ್ಟಿಗೆ ಶುರುವಾಗುತ್ತಿದ್ದವು. ಸಂಡಿಗೆ ಇಡುವುದು, ಬಾಳಕ ಒಣಗಿಸುವುದು, ವರ್ಷದ ಮೆಣಸಿನಕಾಯಿ, ಹುಣಸೆಹಣ್ಣು ಹಸನು ಮಾಡುವುದು, ಮಿಡಿ ಉಪ್ಪಿಗೆ ಹಾಕುವುದು, ಕೌದಿ ಹೊಲಿಯುವುದು. ಈಗ ಇವುಗಳ ಮಾತು ಬಂದರೆ ಅಜ್ಜಿಯ ಕಾಲದ ಹಂಬಲವೇ ಹೆಚ್ಚಾಗಿ ಕೇಳಿಸುತ್ತದೆ. ಹಂಬಲ ತಪ್ಪಲ್ಲ. ಆದರೆ ಅದರಿಂದ ಒಂದು ಮುಖ್ಯ ಸಂಗತಿ ಮರೆಯಾಗಿಬಿಡುತ್ತದೆ. ಈ ಕೆಲಸಗಳನ್ನೆಲ್ಲ ಈ ಐದಾರು ವಾರಗಳಿಗೆ ತಂದು ಕೂಡಿಸಿದ್ದು ಸಂಪ್ರದಾಯಕ್ಕಿಂತ ಮೊದಲು ಹವಾಮಾನ. ಅದರಲ್ಲೂ ಬಿಸಿಲಿಗಿಂತ ಹೆಚ್ಚಾಗಿ ಗಾಳಿಯ ಒಣತನ. ಇದನ್ನು ಅರ್ಥ ಮಾಡಿಕೊಂಡರೆ ಯಾವ ಕೆಲಸವನ್ನು ಯಾವ ಊರಿನಲ್ಲಿ ಯಾವಾಗ ಮಾಡಬೇಕು, ಸಣ್ಣ ಫ್ಲ್ಯಾಟ್‌ನಲ್ಲಿ ಎಷ್ಟು ಮಾಡಬಹುದು, ಯಾವುದನ್ನು ಬಿಟ್ಟುಬಿಡಬಹುದು ಎಂಬುದೆಲ್ಲ ತಾನಾಗಿ ತಿಳಿಯುತ್ತದೆ. ಹಾಗಾಗಿಯೇ ಇವು ಇಂದಿನ ಮನೆಗೂ ಸಲ್ಲುವ ಕೆಲಸಗಳು ಎಂಬುದು ನನ್ನ ವಾದ.

ಬಿಸಿಲು ಬೇರೆ, ಒಣಗಾಳಿ ಬೇರೆ. ಬೆಂಗಳೂರಿನಲ್ಲಿ ವರ್ಷದ ಅತಿ ಹೆಚ್ಚು ಬಿಸಿಲಿರುವುದು ಏಪ್ರಿಲ್‌ನಲ್ಲಿ, ಆದರೆ ಗಾಳಿ ಅತಿ ಒಣಗಿರುವುದು ಫೆಬ್ರುವರಿ ಕೊನೆ ಮತ್ತು ಮಾರ್ಚ್‌ನಲ್ಲಿ. ಆಗ ಮಧ್ಯಾಹ್ನದ ತೇವಾಂಶ ಶೇ 30ರ ಆಸುಪಾಸಿಗೆ ಇಳಿಯುವುದು ಸಾಮಾನ್ಯ. ಏಪ್ರಿಲ್ ನಡುವಿನಿಂದ ಮಾವಿನ ಮಳೆ ಶುರುವಾದರೆ ಸಂಜೆಯ ಗುಡುಗು ಯಾವಾಗ ಬರುವುದೋ ಹೇಳಲಾಗದು. ಮಂಗಳೂರು, ಉಡುಪಿ, ಕಾರವಾರದ ಕಡೆ ಬಿಸಿಲಿಗೆ ಕೊರತೆಯಿಲ್ಲ, ಆದರೆ ಕಡಲ ತೇವ ಗಾಳಿಯಲ್ಲಿ ಸದಾ ಇದ್ದೇ ಇರುತ್ತದೆ. ಅಲ್ಲಿ ಬೆಳಗಿನಿಂದಲೇ ಹರಡಿ ಸಂಜೆಯ ತಂಪು ಇಳಿಯುವ ಮೊದಲೇ ಒಳಗೆ ತರಬೇಕು, ಒಂದೆರಡು ದಿನ ಹೆಚ್ಚು ಒಣಗಿಸಬೇಕು. ಕಲಬುರಗಿ, ರಾಯಚೂರು, ವಿಜಯಪುರದವರಿಗೆ ಈ ಅವಧಿ ಮೇ ತಿಂಗಳವರೆಗೂ ಹಿಗ್ಗುತ್ತದೆ. ಕೊಡಗು, ಚಿಕ್ಕಮಗಳೂರಿನ ಕಾಫಿ ಸೀಮೆಯಲ್ಲಿ ಹೂಮಳೆ ಮಾರ್ಚ್‌ನಲ್ಲೇ ಬೀಳಬಹುದು, ಆದ್ದರಿಂದ ಅಲ್ಲಿ ಅವಧಿ ಕಿರಿದು. ಇನ್ನು ಲಂಡನ್‌ನಲ್ಲೋ ನ್ಯೂಜೆರ್ಸಿಯಲ್ಲೋ ಇರುವ ಕನ್ನಡಿಗರಿಗೆ ವಸಂತವೂ ಮಳೆ ತಪ್ಪದ ಕಾಲ. ಅವರ ಮನೆಯೊಳಗಿನ ಗಾಳಿ ಅತಿ ಒಣಗಿರುವುದು ಹೀಟರ್ ಉರಿಯುವ ಜನವರಿಯಲ್ಲಿ. ಈ ಲೆಕ್ಕದಲ್ಲಿ ಅವರು ಸಂಡಿಗೆ ಇಡಬೇಕಾದದ್ದು ಯುಗಾದಿಗಲ್ಲ, ಸಂಕ್ರಾಂತಿಗೆ, ಅದೂ ಮನೆಯೊಳಗೆ.

ಒಣಗಾಳಿಯ ಶಕ್ತಿ ಎಷ್ಟೆಂದು ನೋಡಲು ಅತಿ ಸುಲಭದ ದಾರಿ ಮಣ್ಣಿನ ಮಡಕೆ. ಮಡಕೆಯ ಸಣ್ಣ ರಂಧ್ರಗಳಿಂದ ನೀರು ಹೊರಮೈಗೆ ಜಿನುಗಿ ಆವಿಯಾಗುತ್ತದೆ. ಒಂದು ಗ್ರಾಂ ನೀರು ಆವಿಯಾಗಲು ಸುಮಾರು 580 ಕ್ಯಾಲೊರಿ ಶಾಖ ಬೇಕು, ಅದು ಹೆಚ್ಚಾಗಿ ಒಳಗಿನ ನೀರಿನಿಂದಲೇ ಹೋಗುತ್ತದೆ. ಹೊರಗೆ 34 ಡಿಗ್ರಿ ಸೆಲ್ಸಿಯಸ್ ಇದ್ದು ತೇವಾಂಶ ಶೇ 30 ಇದ್ದರೆ ಆವಿಯಾಗುವಿಕೆಯಿಂದ ನೀರು ತಣಿಯಬಹುದಾದ ಕೊನೆಯ ಮಟ್ಟ ಸುಮಾರು 21 ಡಿಗ್ರಿ. ಕರಾವಳಿಯಲ್ಲಿ 33 ಡಿಗ್ರಿ ಇದ್ದು ತೇವಾಂಶ ಶೇ 65 ಇದ್ದರೆ ಆ ಮಟ್ಟ 27ರ ಮೇಲೆಯೇ ನಿಲ್ಲುತ್ತದೆ. ಯಾವ ಮಡಕೆಯೂ ಆ ಕೊನೆಯ ಮಟ್ಟವನ್ನು ಪೂರ್ತಿ ಮುಟ್ಟುವುದಿಲ್ಲ, ಆದರೂ ಬಯಲುಸೀಮೆಯ ಮಡಕೆ ನೀರು ಏಕೆ ಅಷ್ಟು ತಣ್ಣಗಿರುತ್ತದೆ ಎಂಬುದಕ್ಕೆ ಉತ್ತರ ಇಲ್ಲಿದೆ. ಹಾಗಾಗಿ ಮಡಕೆಯನ್ನು ಅಡುಗೆಮನೆಯ ಮೂಲೆಯಲ್ಲಿ ಇಡಬೇಡಿ. ಗಾಳಿಯಾಡುವ ಕಿಟಕಿಯ ಬಳಿ, ನೆರಳಿನಲ್ಲಿ, ಒದ್ದೆ ಮರಳಿನ ಮೇಲೆ ಇಡಿ. ಬಣ್ಣ ಬಳಿದ, ಮೆರುಗು ಹಚ್ಚಿದ ಮಡಕೆ ನೋಡಲು ಚೆಂದ, ಆದರೆ ರಂಧ್ರ ಮುಚ್ಚಿರುವುದರಿಂದ ನೀರು ತಣಿಯುವುದಿಲ್ಲ. ಹೊಸ ಮಡಕೆಯನ್ನು ಒಂದು ದಿನ ನೀರಿನಲ್ಲಿ ನೆನೆಸಿ, ಆ ನೀರು ಚೆಲ್ಲಿ ಬಳಸಲು ಶುರು ಮಾಡಿ. ತೊಳೆಯುವಾಗ ಸೋಪು ಬೇಡ, ತೆಂಗಿನ ನಾರು ಸಾಕು, ಸೋಪಿನ ವಾಸನೆ ಮಣ್ಣಿನೊಳಗೆ ಸೇರಿಕೊಂಡರೆ ಬಿಡುವುದಿಲ್ಲ. ಲಾವಂಚದ ಬೇರನ್ನು ಚೆನ್ನಾಗಿ ತೊಳೆದು ತೆಳುಬಟ್ಟೆಯಲ್ಲಿ ಕಟ್ಟಿ ಒಳಗೆ ಬಿಟ್ಟರೆ ನೀರಿಗೆ ಪರಿಮಳ ಬರುತ್ತದೆ. ಎರಡು ಮೂರು ದಿನಕ್ಕೊಮ್ಮೆ ಆ ಗಂಟನ್ನು ತೆಗೆದು ಬಿಸಿಲಿಗೆ ಹಾಕಿ.

ಮಡಕೆಯಿಂದ ನೀರನ್ನು ಎಳೆಯುವ ಗಾಳಿಯೇ ಸಂಡಿಗೆಯಿಂದಲೂ ನೀರನ್ನು ಎಳೆಯುತ್ತದೆ. ಸಂಡಿಗೆ ಕೆಡುವುದು ಬಹುಪಾಲು ಒಣಗಿಸುವಾಗ ಅಲ್ಲ, ಗಂಜಿ ಕಾಯಿಸುವಾಗ. ಅಕ್ಕಿಯ ಪಿಷ್ಟ 70 ಡಿಗ್ರಿಯ ಆಚೀಚೆ ನೀರು ಹೀರಿ ಉಬ್ಬಿ ಅಂಟಾಗುತ್ತದೆ. ಒಲೆಯಿಂದ ಬೇಗ ಇಳಿಸಿದ ಗಂಜಿಯಲ್ಲಿ ಈ ಕೆಲಸ ಅರ್ಧಕ್ಕೆ ನಿಂತಿರುತ್ತದೆ. ಅಂಥ ಸಂಡಿಗೆ ಬಟ್ಟೆಯ ಮೇಲೆ ಬಿರಿಯುತ್ತದೆ, ಎಣ್ಣೆಯಲ್ಲಿ ಅರಳುವುದಿಲ್ಲ. ಗಂಜಿ ಹಿಟ್ಟಿನ ಬಿಳುಪು ಕಳೆದುಕೊಂಡು ಗಾಜಿನಂಥ ಹೊಳಪಿಗೆ ತಿರುಗುವವರೆಗೆ ಕೈ ಬಿಡದೆ ತಿರುವಬೇಕು. ಚಮಚದಿಂದ ಹಾಕುವ ಸಂಡಿಗೆಗೆ ಒಂದು ಲೋಟ ಅಕ್ಕಿಹಿಟ್ಟಿಗೆ ಐದಾರು ಲೋಟ ನೀರು, ಚಕ್ಕುಲಿ ಒರಳಿನಲ್ಲಿ ಒತ್ತುವುದಕ್ಕೆ ಎರಡೂವರೆ ಲೋಟ. ಉಪ್ಪು ಹಾಕಿ ರುಚಿ ನೋಡಿದಾಗ ಸಪ್ಪೆ ಅನ್ನಿಸಬೇಕು, ಏಕೆಂದರೆ ನೀರು ಹೋದ ಮೇಲೆ ಉಪ್ಪು ಮಾತ್ರ ಅಷ್ಟೇ ಉಳಿದಿರುತ್ತದೆ. ಜೀರಿಗೆ, ಇಂಗು, ಅರೆದ ಹಸಿಮೆಣಸಿನಕಾಯಿ ನಿಮ್ಮ ಇಷ್ಟ. ಹಾಕುವಾಗ ತೆಳುವಾಗಿರಲಿ. ದಪ್ಪ ಹಾಕಿದರೆ ಹೊರಗೆ ಸಿಪ್ಪೆ ಕಟ್ಟಿಕೊಂಡು ಒಳಗೆ ಹಸಿ ಉಳಿಯುತ್ತದೆ, ಅದೇ ಮಳೆಗಾಲದಲ್ಲಿ ಬೂಷ್ಟಾಗುವುದು. ಹಳೆಯ ಹತ್ತಿ ಪಂಚೆಯ ಮೇಲೆ ಹಾಕಿದರೆ ಕೆಳಗಿನಿಂದಲೂ ಗಾಳಿ ಹೀರುತ್ತದೆ. ಬಟ್ಟೆಗೆ ಅಂಟಿಕೊಂಡರೆ ಎಳೆಯಬೇಡಿ, ಪಂಚೆಯನ್ನು ಮಗುಚಿ ಹಿಂಬದಿಗೆ ನೀರು ಚಿಮುಕಿಸಿ ಒಂದು ನಿಮಿಷ ಬಿಟ್ಟರೆ ಸಲೀಸಾಗಿ ಬಿಟ್ಟುಕೊಳ್ಳುತ್ತದೆ. ಆಮೇಲೆ ಮತ್ತೆರಡು ದಿನ ಬಿಸಿಲು. ಮುರಿದರೆ ಪಟ್ಟನೆ ಮುರಿಯಬೇಕು, ಬಾಗಬಾರದು. ಹಾಗೆ ಒಣಗಿದ ಮೇಲೂ ಒಳಗೆ ತುಸು ನೀರು ಪಿಷ್ಟಕ್ಕೆ ಅಂಟಿಕೊಂಡೇ ಇರುತ್ತದೆ. ಕಾದ ಎಣ್ಣೆಗೆ ಬಿದ್ದಾಗ ಅದು ಹಬೆಯಾಗಿ ಸಿಡಿಯುವುದರಿಂದಲೇ ಸಂಡಿಗೆ ಕ್ಷಣದಲ್ಲಿ ಅರಳುವುದು.

ಅಕ್ಕಿ ಗಂಜಿಯ ಮುಂದೆ ಹೊತ್ತುಗಟ್ಟಲೆ ನಿಲ್ಲಲಾಗದವರಿಗೆ ಅರಳು ಸಂಡಿಗೆ ಹೇಳಿ ಮಾಡಿಸಿದ್ದು. ಬೂದುಗುಂಬಳವನ್ನು ತುರಿದು, ಅರ್ಧದಷ್ಟು ನೀರು ಹಿಂಡಿ, ಉಪ್ಪು, ಇಂಗು, ಅರೆದ ಹಸಿಮೆಣಸು ಬೆರೆಸಿ, ಭತ್ತದ ಅರಳನ್ನು ಅದರಲ್ಲಿ ಕಲಸಿ ಸಣ್ಣ ಸಣ್ಣ ಉಂಡೆ ಹಾಕಿದರೆ ಆಯಿತು, ಒಲೆಯೇ ಬೇಡ. ಬಾಳಕಕ್ಕೂ ಒಲೆ ಬೇಡ, ಆದರೆ ತಾಳ್ಮೆ ಬೇಕು. ಖಾರ ಕಡಿಮೆ ಇರುವ ಹಸಿಮೆಣಸಿನಕಾಯಿಯನ್ನು ಉದ್ದಕ್ಕೆ ಸೀಳಿ, ಉಪ್ಪು ಹಾಕಿದ ಹುಳಿ ಮಜ್ಜಿಗೆಯಲ್ಲಿ ರಾತ್ರಿ ನೆನೆಸಿ, ಹಗಲು ಒಣಗಿಸಿ, ಸಂಜೆ ಮತ್ತೆ ಅದೇ ಮಜ್ಜಿಗೆಗೆ ಹಾಕಬೇಕು. ಮಜ್ಜಿಗೆ ಪೂರ್ತಿ ಇಂಗುವವರೆಗೂ ಇದೇ ಸುತ್ತು. ಮೋಡ ಮುಸುಕಿದ ಒಂದು ದಿನ ನಡುವೆ ಬಂದರೂ ಮೆಣಸಿನಕಾಯಿ ಲೋಳೆಯಾಗಿ ವಾಸನೆ ಹಿಡಿಯುತ್ತದೆ, ಆದ್ದರಿಂದ ಬಾಳಕ ಮಾರ್ಚ್‌ನಲ್ಲೇ ಮುಗಿಯಲಿ. ಬ್ಯಾಡಗಿ ಮಾರುಕಟ್ಟೆಗೆ ಹೊಸ ಮೆಣಸಿನಕಾಯಿ ಧಾರಾಳವಾಗಿ ಬರುವುದೂ, ಹೊಸ ಹುಣಸೆಹಣ್ಣು ಮರದಿಂದ ಇಳಿಯುವುದೂ ಇದೇ ತಿಂಗಳುಗಳಲ್ಲಿ. ಹೊಸ ಮೆಣಸಿನಕಾಯಿ ತಂದವರು ತೊಟ್ಟು ಮುರಿಯುವ ಮೊದಲು ಒಂದೆರಡು ದಿನ ಬಿಸಿಲಿಗೆ ಹಾಕಿದರೆ ಪುಡಿ ಉಂಡೆ ಕಟ್ಟುವುದಿಲ್ಲ. ಹುಣಸೆಹಣ್ಣಿನ ಬೀಜ, ನಾರು ಬಿಡಿಸಿ, ಕಲ್ಲುಪ್ಪು ಬೆರೆಸಿ ಅದುಮಿಟ್ಟರೆ ಮುಂದಿನ ವರ್ಷದವರೆಗೆ ಚಿಂತೆಯಿಲ್ಲ. ಮಕ್ಕಳನ್ನು ಕೂರಿಸಿಕೊಂಡು ಹರಟುತ್ತ ಮಾಡಬಹುದಾದ ಕೆಲಸ ಇದು, ಕೈಗೆ ಸಿಕ್ಕಿದ್ದರಲ್ಲಿ ಅರ್ಧ ಬಾಯಿಗೆ ಹೋಗುತ್ತದೆ ಎಂಬುದನ್ನು ಮೊದಲೇ ಲೆಕ್ಕಕ್ಕೆ ಹಿಡಿದುಕೊಳ್ಳಬೇಕು.

ಮಿಡಿ ಉಪ್ಪಿನಕಾಯಿ ನನ್ನ ವಾದಕ್ಕೆ ಹೊಂದುವುದಿಲ್ಲ ಎನ್ನುವವರಿರಬಹುದು. ಅಲ್ಲಿ ನೀರನ್ನು ಎಳೆಯುವುದು ಗಾಳಿಯಲ್ಲ, ಉಪ್ಪು. ಆ ಮಾತು ನಿಜ. ಓಟೆ ಬಲಿಯದ ಮಿಡಿಯನ್ನು ತೊಟ್ಟಿನ ಸಮೇತ ಜಾಡಿಯಲ್ಲಿ ಕಲ್ಲುಪ್ಪಿನ ಜೊತೆ ಪದರ ಪದರವಾಗಿ ಹಾಕಿದರೆ ಒಂದೆರಡು ವಾರದಲ್ಲಿ ಅದು ತನ್ನ ನೀರನ್ನೆಲ್ಲ ಬಿಟ್ಟು ಸುಕ್ಕುಗಟ್ಟುತ್ತದೆ. ಅಳತೆಯಲ್ಲಿ ನಾಲ್ಕು ಪಾಲು ಮಿಡಿಗೆ ಒಂದು ಪಾಲು ಉಪ್ಪು ಎಂದು ಇಟ್ಟುಕೊಳ್ಳಿ, ಮಿಡಿ ತನ್ನದೇ ಉಪ್ಪುನೀರಿನಲ್ಲಿ ಮುಳುಗಿರಬೇಕು. ಆಮೇಲೆ ಆ ನೀರನ್ನು ಕುದಿಸಿ ಆರಿಸಿ, ಸಾಸಿವೆ, ಮೆಣಸಿನಕಾಯಿ ಅರೆದು ಸೇರಿಸುತ್ತಾರೆ. ಆದರೆ ಈ ಕೆಲಸದಲ್ಲೂ ತೇವವೇ ಶತ್ರು. ತೊಳೆದ ಮಿಡಿಯ ಮೇಲೆ ಹನಿ ನೀರು ಉಳಿಯಬಾರದು, ಜಾಡಿ ಬಿಸಿಲಲ್ಲಿ ಕಾದಿರಬೇಕು, ಸಾಸಿವೆ ಗರಿಗರಿಯಾಗಿರಬೇಕು, ಕೈಯಲ್ಲೂ ಸೌಟಿನಲ್ಲೂ ಪಸೆ ಇರಬಾರದು. ಇವೆಲ್ಲ ಸಲೀಸಾಗುವುದು ಒಣ ಹವೆಯಲ್ಲಿಯೇ. ಮಲೆನಾಡಿನ ಅಪ್ಪೆಮಿಡಿಗೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕ ಮೇಲೆ ಬೇಡಿಕೆ ಬೆಳೆದಿದೆ. ಹೊಳೆಯಂಚಿನ ಕಾಡುಮರಗಳ ಕೊಂಬೆ ಕಡಿದು ಮಿಡಿ ಇಳಿಸಿದರೆ ಮುಂದಿನ ವರ್ಷಗಳ ಮಿಡಿಯೂ ಹೋಗುತ್ತದೆ, ಆದ್ದರಿಂದ ಕೊಳ್ಳುವವರು ಕಸಿ ಗಿಡ ಬೆಳೆಸಿದ ರೈತರನ್ನು ಹುಡುಕಿ ಕೊಳ್ಳುವುದು ಒಳ್ಳೆಯದು. ನೆಲಕ್ಕೆ ಬಿದ್ದು ಪೆಟ್ಟಾದ ಮಿಡಿ ಎಷ್ಟೇ ಅಗ್ಗಕ್ಕೆ ಸಿಕ್ಕರೂ ಬೇಡ, ಅಂಥ ಒಂದೇ ಮಿಡಿ ಇಡೀ ಜಾಡಿಯನ್ನು ಕೆಡಿಸಬಲ್ಲದು.

ಅಡುಗೆಮನೆಯ ಹೊರಗೂ ಈ ಗಾಳಿಗೆ ಕೆಲಸವಿದೆ. ಹಿಂಗಾರಿನ ಸುಗ್ಗಿ ಮುಗಿದು ಮುಂಗಾರಿನ ಬಿತ್ತನೆ ಇನ್ನೂ ದೂರವಿರುವಾಗ ಕೌದಿಗೆ ಕೂರಲು ಬಿಡುವು ಸಿಗುತ್ತದೆ. ಬಿಡುವಿನ ಜೊತೆಗೆ ಇನ್ನೊಂದು ಕಾರಣವೂ ಇದೆ. ಕೌದಿಯೆಂದರೆ ಹಳೆಯ ಸೀರೆ, ಪಂಚೆಗಳ ಹಲವು ಪದರ. ಪದರಗಳ ನಡುವೆ ಪಸೆ ಉಳಿದರೆ ಮಳೆಗಾಲದಲ್ಲಿ ಮುಗ್ಗು ವಾಸನೆ ಗ್ಯಾರಂಟಿ. ತೊಳೆದ ಬಟ್ಟೆ ಪೂರ್ತಿ ಒಣಗುವುದೂ, ಹೊಲಿದ ಭಾರದ ಕೌದಿಯನ್ನು ಒಗೆದು ಒಂದೇ ದಿನದಲ್ಲಿ ಒಣಗಿಸುವುದೂ ಈಗಷ್ಟೇ ಸಾಧ್ಯ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿ ಹೆಂಗಸರು ಕೌದಿಯನ್ನು ಅಂಚಿನಿಂದ ಶುರು ಮಾಡಿ ಸುತ್ತುತ್ತ ನಡುವಿಗೆ ಬರುತ್ತಾರೆ, ಮೂಲೆಗಳಲ್ಲಿ ಬಟ್ಟೆಯನ್ನು ಮಡಿಸಿ ತ್ರಿಕೋನದ ಹೂಗಳನ್ನು ಕೂರಿಸುತ್ತಾರೆ. ಮೊದಲ ಸಲ ಹೊಲಿಯುವವರಿಗೂ ಈ ಕ್ರಮವೇ ಸಲೀಸು. ಅಂಚು ಮೊದಲೇ ಗಟ್ಟಿಯಾಗುವುದರಿಂದ ಪದರಗಳು ಜಾರುವುದಿಲ್ಲ, ತುಂಡುಗಳನ್ನು ಮೊದಲೇ ಅಳೆದು ಕತ್ತರಿಸಿಡಬೇಕಾಗಿಯೂ ಇಲ್ಲ, ಹೊಲಿಯುತ್ತ ಹೋದಂತೆ ಸೇರಿಸಿಕೊಂಡರಾಯಿತು. ದೊಡ್ಡದಕ್ಕೆ ಕೈ ಹಾಕಬೇಡಿ. ಮೂರು ಅಡಿ ಉದ್ದ, ಎರಡೂವರೆ ಅಡಿ ಅಗಲದ ತೊಟ್ಟಿಲ ಕೌದಿಗೆ ಎರಡು ಹಳೆಯ ಹತ್ತಿ ಸೀರೆ ಸಾಕು. ಪಾಲಿಯೆಸ್ಟರ್ ಬೆರೆಸಬೇಡಿ, ಅದು ಸೂಜಿಯ ಕೆಳಗೆ ಜಾರುತ್ತದೆ, ಬೆವರನ್ನೂ ಹೀರುವುದಿಲ್ಲ. ಬೆರಳಗಲದ ಸಾಲುಗಳಲ್ಲಿ ದಪ್ಪ ದಾರದಿಂದ ಸಾದಾ ಹೊಲಿಗೆ ಹಾಕುತ್ತ ಹೋಗಿ. ಹೊಲಿಗೆ ತುಸು ಸೊಟ್ಟಗಿದ್ದರೆ ಕೌದಿಗೆ ಕೊರತೆಯೇನೂ ಆಗುವುದಿಲ್ಲ.

ಬಯಲುಸೀಮೆಯ ಕುರುಚಲು ಕಾಡಿನಲ್ಲಿ, ಹೊಲದ ಬದುಗಳಲ್ಲಿ ಈಗ ಮುತ್ತುಗ ಎಲೆಯುದುರಿಸಿ ಕೆಂಪಾಗಿ ಹೂ ಬಿಟ್ಟಿರುತ್ತದೆ. ಕೊಂಬೆಗೆ ಕೈ ಹಾಕದೆ ಬುಡದಲ್ಲಿ ಉದುರಿದ್ದನ್ನಷ್ಟೇ ಆಯ್ದು ತಂದರೂ ಒಂದೆರಡು ಕರವಸ್ತ್ರಕ್ಕೆ ಬಣ್ಣ ಕಟ್ಟಬಹುದು. 100 ಗ್ರಾಂ ತೂಕದ ಹತ್ತಿ ಬಟ್ಟೆಯನ್ನು ಗಂಜಿ ಹೋಗುವಂತೆ ಒಗೆದು, 15 ಗ್ರಾಂ ಪಟಿಕ ಕರಗಿಸಿದ ಬಿಸಿನೀರಿನಲ್ಲಿ ರಾತ್ರಿಯಿಡೀ ನೆನೆಸಿಡಿ. ಬಟ್ಟೆಯ ಎರಡರಷ್ಟು ತೂಕದ ಹೂವನ್ನು ಮುಕ್ಕಾಲು ಗಂಟೆ ಸಣ್ಣ ಉರಿಯಲ್ಲಿ ಕುದಿಸಿ, ಸೋಸಿ, ಆ ನೀರಿನಲ್ಲಿ ಬಟ್ಟೆಯನ್ನು ಅದ್ದಿ. ಹಳದಿ ಬರುತ್ತದೆ. ವೀಳ್ಯದೆಲೆಗೆ ಹಚ್ಚುವ ಸುಣ್ಣ ಕಡಲೆಬೇಳೆಯಷ್ಟು ಸೇರಿಸಿದರೆ ಕಣ್ಣೆದುರೇ ಕಿತ್ತಳೆಗೆ ತಿರುಗುತ್ತದೆ, ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ರಸಾಯನ ಪಾಠ ಬೇಕಿಲ್ಲ. ಹೋಳಿಯಲ್ಲಿ ಎರಚಾಡಲು ಮಾಡಿದ ನೀರಿಗೆ ಮಾತ್ರ ಸುಣ್ಣ ಬೇಡ, ಕಣ್ಣಿಗೆ ಬಿದ್ದರೆ ಅಪಾಯ. ಬಟ್ಟೆಯನ್ನು ನೆರಳಿನಲ್ಲೇ ಒಣಗಿಸಿ. ಈ ಬಣ್ಣ ಬಿಸಿಲಿಗೂ ಒಗೆತಕ್ಕೂ ಮಾಸುತ್ತದೆ, ವರ್ಷಗಟ್ಟಲೆ ಉಳಿಯುವ ಬಣ್ಣ ಬೇಕಾದವರಿಗೆ ಇದು ಹೇಳಿದ್ದಲ್ಲ. ಒಣಗಾಳಿ ಎಲ್ಲಕ್ಕೂ ಮಿತ್ರನಲ್ಲ ಎಂಬುದಕ್ಕೆ ಮಲ್ಲಿಗೆಯೂ ಸಾಕ್ಷಿ. ಮೈಸೂರು, ಹಡಗಲಿ, ಉಡುಪಿ ಮಲ್ಲಿಗೆಗಳ ಸುಗ್ಗಿ ಈಗಿನಿಂದ ಮಳೆಗಾಲದ ತನಕ. ಮೊಗ್ಗು ಬಿರಿಯುವ ಮೊದಲೇ, ಒದ್ದೆ ಮಾಡಿದ ಬಾಳೆನಾರಿನಲ್ಲಿ ಕಟ್ಟಿ, ಬಾಳೆಲೆಯಲ್ಲಿ ಸುತ್ತಿಡದಿದ್ದರೆ ಬಿಸಿಲಿನ ಗಾಳಿಗೆ ಗಂಟೆಯೊಳಗೆ ಬಾಡುತ್ತದೆ. ಉಡುಪಿಯ ಕಡೆ 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ ಎಂದು ಲೆಕ್ಕ. ಅಷ್ಟು ಕಟ್ಟುವುದು ಕಸುಬಿನವರ ಬೆರಳಿನ ಮಾತಾಯಿತು, ಮನೆಗೆ ಒಂದು ಮೊಳ ಕಟ್ಟಲು ಯಾರು ಬೇಕಾದರೂ ಒಂದು ಸಂಜೆಯಲ್ಲಿ ಕಲಿಯಬಹುದು.

ಇದಕ್ಕೆಲ್ಲ ಎದುರಾಗುವ ಆಕ್ಷೇಪಗಳಲ್ಲಿ ಅಂಗಡಿಯಲ್ಲಿ ಎಲ್ಲವೂ ಅಗ್ಗಕ್ಕೆ ಸಿಗುತ್ತದೆ ಎಂಬುದು ಹಗುರದ್ದು. ಹೌದು, ಸಿಗುತ್ತದೆ. ಉಳಿತಾಯಕ್ಕೆಂದು ಸಂಡಿಗೆ ಇಡಿ ಎಂದು ನಾನೂ ಹೇಳುವುದಿಲ್ಲ. ಉಪ್ಪು ಎಷ್ಟು, ಸೋಡಾ ಇದೆಯೇ ಇಲ್ಲವೇ, ಎಣ್ಣೆ ಯಾವುದು ಎಂಬುದು ನಿಮ್ಮ ಕೈಯಲ್ಲಿರುವುದೇ ಇಲ್ಲಿಯ ಲಾಭ. ಉಪ್ಪಿನ ಮಾತು ಬಂದ ಮೇಲೆ ಇದನ್ನೂ ಹೇಳಬೇಕು. ವಯಸ್ಕರು ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ತಿನ್ನಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮನೆಯಲ್ಲಿ ಮಾಡಿದ್ದು ಎಂಬ ಕಾರಣಕ್ಕೆ ಮಿಡಿ, ಬಾಳಕ ಆರೋಗ್ಯಕರವಾಗಿಬಿಡುವುದಿಲ್ಲ. ಅವು ಎಲೆಯ ತುದಿಯಲ್ಲಿ ಬಡಿಸುವ ಪದಾರ್ಥಗಳು, ಅಲ್ಲೇ ಇರಲಿ. ದೂಳಿನ ಆಕ್ಷೇಪ ಗಟ್ಟಿಯಾದದ್ದು. ದೊಡ್ಡ ರಸ್ತೆಯ ಪಕ್ಕದ ತಾರಸಿಯಲ್ಲಿ ಹರಡುವುದು ಬೇಡ. ಹಿಂಬದಿಯ ಬಾಲ್ಕನಿಯಲ್ಲಿ ಎತ್ತರದ ಸ್ಟೂಲಿನ ಮೇಲೆ ತಟ್ಟೆ ಇಟ್ಟು, ಮೇಲೆ ಸೊಳ್ಳೆಪರದೆಯ ತುಂಡು ಹೊದಿಸಿ, ನಾಲ್ಕೈದು ಗಂಟೆ ಬಿಸಿಲು ಬಿದ್ದರೆ ಸಾಕು. ಉಳಿದ ಹೊತ್ತು ಫ್ಯಾನಿನ ಕೆಳಗೆ ಇಟ್ಟರೂ ನಡೆಯುತ್ತದೆ, ಏಕೆಂದರೆ ಮನೆಯೊಳಗಿನ ಗಾಳಿಯೂ ಈಗ ಒಣಗಿಯೇ ಇದೆ.

ಅತಿ ಗಂಭೀರವಾದ ಆಕ್ಷೇಪ ಬೇರೆಯೇ ಇದೆ. ಈ ಸೊಗಸಿನ ಹಿಂದೆ ಬೇಸಿಗೆಯಿಡೀ ಬೆಂದವರು ಹೆಂಗಸರು. ಮನೆಗೆ, ನೆಂಟರಿಗೆ, ಮದುವೆಗಳಿಗೆ ಎಂದು ಡಬ್ಬಗಟ್ಟಲೆ ಸಂಡಿಗೆ, ಹಪ್ಪಳ ಮಾಡಿ ಸೊಂಟ ಹಿಡಿಸಿಕೊಂಡವರಿಗೆ ಇದು ವಸಂತದ ಸಂತಸವಾಗಿರಲಿಲ್ಲ, ದುಡಿಮೆಯಾಗಿತ್ತು. ಇದನ್ನು ಒಪ್ಪದೆ ಈ ಕೆಲಸಗಳನ್ನು ಹೊಗಳುವುದು ಅನ್ಯಾಯ. ಆದರೆ ಅಂದಿನ ಭಾರಕ್ಕೆ ಕಾರಣ ಪ್ರಮಾಣ ಮತ್ತು ಹಂಚಿಕೆ. ವರ್ಷಕ್ಕಾಗುವಷ್ಟು ಮಾಡಲೇಬೇಕಾದ ಒತ್ತಡ ಈಗ ಯಾರ ಮೇಲೂ ಇಲ್ಲ, ಅರ್ಧ ಕಿಲೋ ಅಕ್ಕಿಹಿಟ್ಟಿನ ಸಂಡಿಗೆ ಒಂದು ಚಿಕ್ಕ ಸಂಸಾರಕ್ಕೆ ತಿಂಗಳುಗಟ್ಟಲೆ ಬರುತ್ತದೆ. ಹಂಚಿಕೆಯ ವಿಷಯದಲ್ಲಿ ಒಂದು ನಿಯಮ ಇಟ್ಟುಕೊಳ್ಳುವುದು ಒಳ್ಳೆಯದು. ತೋಳಿನ ಬಲ ಬೇಡುವ ಗಂಜಿ ತಿರುವುವ ಕೆಲಸ, ಬಿಸಿಲಿಗೆ ಒಯ್ದು ತರುವ ಕೆಲಸ, ಪಾತ್ರೆ ತೊಳೆಯುವ ಕೆಲಸ ಗಂಡಸರದ್ದಾಗಲಿ. ಹಾಕುವುದು, ಬಿಡಿಸುವುದು ಎಲ್ಲರದ್ದು. ಬೆಳಿಗ್ಗೆ ಒಂಬತ್ತರೊಳಗೆ ಹಾಕಿ ಮುಗಿಸಿ, ಹನ್ನೆರಡರಿಂದ ಮೂರರವರೆಗೆ ಸಂಡಿಗೆ ಬಿಸಿಲಲ್ಲಿರಲಿ, ಮನುಷ್ಯರು ಒಳಗಿರಲಿ. ಇಷ್ಟಕ್ಕೂ ಕೈ ಜೋಡಿಸಲು ಮನೆಯಲ್ಲಿ ಯಾರೂ ಸಿದ್ಧರಿಲ್ಲದಿದ್ದರೆ ಆ ಮನೆಯಲ್ಲಿ ಸಂಡಿಗೆ ಆಗದಿರುವುದೇ ಸರಿ, ಮಡಕೆ ಮತ್ತು ಲಾವಂಚ ಸಾಕು.

ಒಣಗಿಸುವ ಯಂತ್ರ ಇರುವಾಗ ಗಾಳಿಯನ್ನು ಏಕೆ ನೆಚ್ಚಬೇಕು ಎಂದೂ ಕೇಳಬಹುದು. ಮಳೆಗಾಲದಲ್ಲಿ ಒಣಗಿಸಬೇಕಾದರೆ ಯಂತ್ರವೇ ಸರಿ. ಆದರೆ ಮಾರ್ಚ್‌ನಲ್ಲಿ ಯಂತ್ರ ಕರೆಂಟು ಸುಟ್ಟು ಮಾಡುವುದನ್ನು ಬಾಲ್ಕನಿಯ ಗಾಳಿ ಪುಕ್ಕಟೆಯಾಗಿ, ಅದಕ್ಕಿಂತ ದೊಡ್ಡ ಹರವಿನಲ್ಲಿ ಮಾಡಿಕೊಡುತ್ತದೆ. ಈ ಅನುಕೂಲಕ್ಕೆ ಗಡುವಿದೆ ಎಂಬುದನ್ನು ಮಾತ್ರ ಮರೆಯಬಾರದು. ಅಶ್ವಿನಿ ಮಳೆ ಹುಟ್ಟುವುದು ಏಪ್ರಿಲ್ ನಡುವಿನಲ್ಲಿ, ಅದರ ಹಿಂದೆಯೇ ಭರಣಿ. ಮಳೆ ಬೀಳದಿದ್ದರೂ ಗಾಳಿಗೆ ತೇವ ಬರಲು ಶುರುವಾಗುತ್ತದೆ. ಒಣಗಿಸುವ ಕೆಲಸವನ್ನೆಲ್ಲ ಅಷ್ಟರೊಳಗೆ ಮುಗಿಸಿಕೊಳ್ಳಿ, ಮಿಡಿಯನ್ನು ಉಪ್ಪಿಗೆ ಹಾಕಿಬಿಡಿ, ಕೌದಿಯನ್ನು ಮೇ ತಿಂಗಳಿಗೂ ಉಳಿಸಿಕೊಳ್ಳಬಹುದು. ಒಂದೇ ಒಂದು ಮಾಡಿ ನೋಡುವೆ ಎನ್ನುವವರು ಅರಳು ಸಂಡಿಗೆಯಿಂದ ಶುರು ಮಾಡಿ. ಹವಾಮಾನ ಮುನ್ಸೂಚನೆಯಲ್ಲಿ ಮೂರು ದಿನ ಸತತ ಬಿಸಿಲು ಕಂಡ ವಾರಾಂತ್ಯದಲ್ಲಿ ಒಂದು ಸಣ್ಣ ಬೂದುಗುಂಬಳ, ಅರ್ಧ ಕಿಲೋ ಅರಳು ತಂದಿಟ್ಟುಕೊಳ್ಳಿ.